ಅಜ್ಜಿಯ ಕೈ, ಹಿತ್ತಲ ಬಳ್ಳಿ

ಆ ಮನೆಯಲ್ಲಿ ಅಜ್ಜಿಯೊಬ್ಬರನ್ನು ಬಿಟ್ಟು ಮಿಕ್ಕ ಎಲ್ಲರಿಗೂ ತುರಿಕೆ ಹತ್ತಿತ್ತು. ಮಗನಿಗೆ ಮೊಣಕೈಯಲ್ಲಿ, ಸೊಸೆಗೆ ಕತ್ತಿನಲ್ಲಿ, ಮೊಮ್ಮಗಳಿಗೆ ಕಿವಿಯ ಹಿಂದೆ, ತಾತನಿಗೆ ಬೆನ್ನಿನಲ್ಲಿ, ಅದೂ ಕೈಗೆಟುಕದ ಜಾಗದಲ್ಲಿ. ಬೆಳಗಿನ ಚಹಾಕ್ಕೆ ಕೂತರೆ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಗೆ ಕೆರೆಯುವ ಕೆಲಸ. ತಾತ ಕೂರುವ ಗೋಜಿಗೇ ಹೋಗದೆ, ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಾ ನಿಂತೇ ಚಹಾ ಮುಗಿಸುತ್ತಿದ್ದರು. ಅಜ್ಜಿ ಮಾತ್ರ ಒಲೆಯ ಮುಂದೆ ಠೀವಿಯಿಂದ ನಿಂತು ಬ್ರೆಡ್ಡು ಕಾಯಿಸುತ್ತಿದ್ದರು. ಅವರ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

"ಸ್ನಾನ ಅಂದ್ರೆ ನೀರು ಹುಯ್ಕೊಂಡು ಓಡಿ ಬರೋದಲ್ಲ," ಎನ್ನುತ್ತಿದ್ದರು. "ಉಜ್ಜಬೇಕು. ನನ್ನನ್ನ ನೋಡಿ ಕಲೀರಿ."

"ಉಜ್ಜಿ ಉಜ್ಜಿನೇ ಚರ್ಮ ಹೋಗಿರೋದಮ್ಮ," ಎಂದ ಮಗ.

"ಹೋದ್ರೆ ಹೊಸದು ಬರುತ್ತೆ. ಸೋಪು ಬದಲಾಯ್ಸು."

ಸೋಪು ಬದಲಾಯಿತು. ಹಾಸಿಗೆಯ ಹೊದಿಕೆಗಳು ಬಿಸಿಲು ಕಂಡವು. ಸೊಸೆ ಅಡುಗೆಯಿಂದ ಮೊಟ್ಟೆ ತೆಗೆದಳು, ಮಗ ಬದನೆಕಾಯಿ ತೆಗೆಸಿದ. ತಾತ ತಮಗೆ ಹೇಗೂ ಇಷ್ಟವಿಲ್ಲದ ಸೋರೆಕಾಯಿಯ ಮೇಲೂ ಗೂಬೆ ಕೂರಿಸಿ ನೋಡಿದರು. ತುರಿಕೆ ಯಾವುದಕ್ಕೂ ಜಗ್ಗಲಿಲ್ಲ.

ಮನೆಯ ಮುಂಭಾಗದಲ್ಲಿ ಸಲೂನು, ಹಿಂಭಾಗದಲ್ಲಿ ಸಂಸಾರ. ಸಲೂನು ತೆರೆದವರು ತಾತ. ಕೈ ನಡುಗಲು ಶುರುವಾದ ಮೇಲೆ ಕತ್ತರಿ ಕೆಳಗಿಟ್ಟು, ಈಗ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಸರದಿ ಕಾಯುವವರಿಗೆ ಹರಟೆ ಬಡಿಸುತ್ತಾರೆ. ಕುರ್ಚಿಯ ಹಿಂದೆ ನಿಲ್ಲುವವನು ಮಗ. ಸೊಸೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಇಡೀ ದಿನ ತನ್ನ ಜೀವವನ್ನು ಕಲಿಯುವವರ ಕೈಗೆ ಕೊಟ್ಟು ಬರುವವಳಾದ್ದರಿಂದ ಮನೆಯಲ್ಲಿ ಅವಳು ಯಾರಿಗೂ ಹೆದರುವುದಿಲ್ಲ, ಅತ್ತೆಗೂ. ಇನ್ನು ಮೊಮ್ಮಗಳನ್ನು ಎಲ್ಲರೂ ಕರೆಯುವುದು 'ಲಾಯರ್' ಎಂದು. ಹೈಸ್ಕೂಲು ಮುಗಿದಿಲ್ಲ, ಆದರೆ ಹಾಲು ಕುಡಿ ಎಂದರೂ ಯಾಕೆ ಕುಡಿಯಬೇಕು ಎಂದು ವಾದಕ್ಕೆ ನಿಲ್ಲುವ ಹುಡುಗಿ.

ಸಲೂನಿನ ಟವೆಲುಗಳು ಅಜ್ಜಿಯ ಇಲಾಖೆ. ಬೆಳಿಗ್ಗೆ ಮೆಷಿನ್ನಿಗೆ ಹಾಕಿ, ಹಿತ್ತಲ ಹಗ್ಗದ ಮೇಲೆ ಒಣಗಿಸಿ, ಮಧ್ಯಾಹ್ನ ಅಂಚಿಗೆ ಅಂಚು ಕೂಡಿಸಿ ಮಡಚಿ, ಸಂಜೆಯ ಹೊತ್ತಿಗೆ ಅಂಗಡಿಯ ಕಪಾಟಿನಲ್ಲಿ ಜೋಡಿಸಿಡಬೇಕು. ಅಜ್ಜಿ ಮಡಚಿದ ಟವೆಲನ್ನು ಬಿಚ್ಚಲು ಗಿರಾಕಿಗಳಿಗೇ ಮನಸ್ಸಾಗುವುದಿಲ್ಲ ಎಂದು ತಾತ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು. ಅಜ್ಜಿ ಅದನ್ನು ಕೇಳಿಯೂ ಕೇಳದವರಂತೆ ಇರುತ್ತಿದ್ದರು. ಆದರೆ ಮರುದಿನದ ಮಡಿಕೆ ಇನ್ನಷ್ಟು ನೇರ್ಪಾಗಿರುತ್ತಿತ್ತು.

ಅಜ್ಜಿಗೆ ಇನ್ನೊಂದು ಇಲಾಖೆಯೂ ಇತ್ತು. ಅದು ಹಿತ್ತಲ ಗೋಡೆಯ ಬಳ್ಳಿ. ಗೋಡೆಯ ಆಚೆ ಯಾವುದೋ ಗೋದಾಮಿನ ತುಕ್ಕು ಹಿಡಿದ ತಗಡು. ಮದುವೆಯಾಗಿ ಬಂದ ಹೊಸತರಲ್ಲಿ ಆ ತಗಡನ್ನು ನೋಡಿ ಅಜ್ಜಿಗೆ ಅಳು ಬಂದಿತ್ತಂತೆ. ಕೆಲವು ವರ್ಷಗಳ ಹಿಂದೆ ಗೋಡೆಯ ಬುಡದಲ್ಲಿ ಹೇಳದೆ ಕೇಳದೆ ಒಂದು ಬಳ್ಳಿ ಹುಟ್ಟಿತು. ಒಂದೊಂದು ತೊಟ್ಟಿಗೂ ಮೂರು ಎಲೆ, ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುವ ಎಲೆ. ಅಜ್ಜಿ ನೀರೆರೆದರು, ಬಳ್ಳಿ ಗೋಡೆ ಹತ್ತಿತು, ತಗಡು ಮರೆಯಾಯಿತು. ಚಳಿಗಾಲ ಬಂತೆಂದರೆ ಇಡೀ ಗೋಡೆ ಕೆಂಪಗೆ ಹೊತ್ತಿಕೊಂಡ ಹಾಗೆ ಕಾಣುತ್ತಿತ್ತು. ಓಣಿಯಲ್ಲಿ ಹೋಗುವವರು ನಿಂತು ಫೋಟೊ ತೆಗೆಯುತ್ತಿದ್ದರು.

"ಎಲ್ಲಿಂದ ತಂದ್ರಿ ಅಜ್ಜಿ ಇದನ್ನ?"

"ನಾನೆಲ್ಲಿ ತಂದೆ? ಅದೇ ನನ್ನನ್ನ ಹುಡುಕ್ಕೊಂಡು ಬಂತು."

ತಾತ ಕೆಲಸ ಬಿಟ್ಟ ದಿನ ಅವರ ಕತ್ತರಿ ಅಜ್ಜಿಯ ಪಾಲಿಗೆ ಬಂತು. ಅಲ್ಲಿಯವರೆಗೆ ಬಳ್ಳಿಗೆ ನೀರು ಹಾಕಿ ಸುಮ್ಮನಾಗುತ್ತಿದ್ದವರು ಈಗ ದಿನಾ ಊಟವಾದ ಮೇಲೆ ಅದಕ್ಕೆ ಕಟಿಂಗು ಶುರುಮಾಡಿದರು. ಕ್ಷೌರದ ಮನೆಯ ಹೆಂಗಸಲ್ಲವೇ, ಅಡ್ಡಾದಿಡ್ಡಿ ಬೆಳೆದದ್ದನ್ನು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಪಕ್ಕದಲ್ಲಿ ಸಣ್ಣಕ್ಕೆ, ಮೇಲೆ ಸ್ವಲ್ಪ ಉದ್ದಕ್ಕೆ, ಬಟ್ಟೆಯ ಹಗ್ಗದ ಕಂಬದ ಹತ್ತಿರ ಒಪ್ಪವಾಗಿ ಕತ್ತರಿಸಿ, ತೊಟ್ಟಿನಿಂದ ಒಸರುವ ಅಂಟನ್ನು ಏಪ್ರನ್ನಿಗೆ ಒರೆಸಿಕೊಂಡು, ಆ ಕೈಯಲ್ಲೇ ಟವೆಲು ಮಡಚಲು ಕೂರುತ್ತಿದ್ದರು. ಸಂಜೆ ಅದೇ ಕೈಯಲ್ಲಿ ಮೊಮ್ಮಗಳ ಜಡೆ, ತಾತನ ಬೆನ್ನಿಗೆ ನೋವಿನ ಎಣ್ಣೆ.

ಅಂಗಡಿಯಲ್ಲಿ ಗಿರಾಕಿಗಳು ಕುತ್ತಿಗೆ ಮುಟ್ಟಿಕೊಳ್ಳಲು ಶುರುಮಾಡಿದ್ದು ಆಗಲೇ. ಪ್ರತಿ ತಿಂಗಳು ಬರುತ್ತಿದ್ದ ಬ್ಯಾಂಕಿನ ಕ್ಯಾಷಿಯರ್ ಒಂದು ದಿನ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದು, ಕುರ್ಚಿಯಲ್ಲಿ ಕೂರದೆ ಮಫ್ಲರ್ ಬಿಚ್ಚಿ ತೋರಿಸಿದರು. ಕುತ್ತಿಗೆಯ ಸುತ್ತ ಕೆಂಪಗೆ, ಕಾಲರ್ ಹೊಲಿದ ಹಾಗೆ.

"ಏನಪ್ಪಾ ಹಚ್ಚಿದೆ ನನಗೆ?"

"ಅದೇ ಫೋಮು ಸಾರ್. ಅದೇ ಪೌಡರು."

"ಹಾಗಾದ್ರೆ ನಿನ್ನ ಮೊಣಕೈಗೇನಾಗಿದೆ?"

ಮಗ ಅಂಗಿಯ ತೋಳು ಕೆಳಗೆಳೆದುಕೊಂಡ. ಫೋಮು ಬದಲಾಯಿತು, ಪೌಡರಿನ ಡಬ್ಬಿ ಕಸದ ಬುಟ್ಟಿ ಸೇರಿತು. ಆದರೂ ಶನಿವಾರಗಳಲ್ಲಿ ಕಾಲಿಡಲು ಜಾಗವಿರದ ಅಂಗಡಿಯಲ್ಲಿ ತಾತ ಹರಟೆ ಹೊಡೆಯಲು ಜನ ಸಿಗದೆ ಕನ್ನಡಿಯ ಜೊತೆ ಮಾತಾಡುವ ಸ್ಥಿತಿ ಬಂತು.

ಸೊಸೆ ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಚರ್ಮದ ಡಾಕ್ಟರರ ಹತ್ತಿರ ಕರೆದೊಯ್ದಳು. ಡಾಕ್ಟರ್ ಮಾತು ಕಡಿಮೆ ಆಡುವ ಹೆಂಗಸು. ಒಬ್ಬೊಬ್ಬರನ್ನೇ ತಿರುಗಿಸಿ ನೋಡಿ ಒಂದು ಮುಲಾಮು ಬರೆದುಕೊಟ್ಟರು.

"ಇದು ಒಬ್ಬರಿಂದ ಒಬ್ಬರಿಗೆ ಹರಡೋ ಕಾಯಿಲೆ ಅಲ್ಲ. ನಿಮ್ಮ ಮನೇಲಿ ಏನೋ ಇದೆ, ಅದು ನಿಮಗೆಲ್ಲ ತಾಗ್ತಾ ಇದೆ. ಏನು ಅಂತ ಹುಡುಕಿ. ಅಲ್ಲೀವರೆಗೂ ಮುಲಾಮು ಬರೀ ಸಮಾಧಾನಕ್ಕೆ."

"ಹುಡುಕೋದು ಹೇಗೆ ಡಾಕ್ಟ್ರೇ?" ಕೇಳಿದಳು ಸೊಸೆ.

"ತುರಿಕೆ ಇಲ್ಲದೇ ಇರೋರು ಯಾರಾದ್ರೂ ಇದ್ದಾರಾ ಮನೇಲಿ?"

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಹೆಮ್ಮೆಯಿಂದ ಎರಡೂ ಕೈ ಮುಂದೆ ಚಾಚಿ ತೋರಿಸಿದರು. "ನಾನು ಉಜ್ಜಿ ಸ್ನಾನ ಮಾಡ್ತೀನಿ ಡಾಕ್ಟ್ರೇ," ಎಂದರು.

ಅದೇ ವಾರ ಅಜ್ಜಿಯ ತಂಗಿ ಕಾಲು ಉಳುಕಿಸಿಕೊಂಡು ಮಲಗಿದಳು. ಅಜ್ಜಿ ಅವಳನ್ನು ನೋಡಿಕೊಳ್ಳಲು ಚೀಲ ತುಂಬಿಕೊಂಡು ಹೊರಟರು. ಹೋಗುವ ಮುಂಚೆ ಬಳ್ಳಿಗೆ ನೀರು ಹಾಕುವುದು, ಹಾಲು ಉಕ್ಕಿಸದೆ ಕಾಯಿಸುವುದು, ಟವೆಲು ಮಡಚುವುದು ಎಲ್ಲ ಹೇಳಿಹೋದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲಿಗೆ ಹೋಗಲು ಸೋಮಾರಿತನವಾಗಿ ಲಾಯರ್ ಟವೆಲುಗಳನ್ನು ಮಹಡಿಯ ಕಟಕಟೆಯ ಮೇಲೆ ಎಸೆದು ಒಣಗಿಸಿದಳು. ಮಗ ಅವನ್ನು ಮಡಚದೆ ಉಂಡೆ ಕಟ್ಟಿ ಕಪಾಟಿಗೆ ತುರುಕಿದ. ಹಾಲು ದಿನಾ ಉಕ್ಕಿತು.

ತಂಗಿಯ ಕಾಲು ಸರಿಹೋಗಿ ಅಜ್ಜಿ ಹಿಂದಿರುಗಿದಾಗ ಮನೆಯವರ ಚರ್ಮ ನುಣ್ಣಗೆ, ಮುಖದಲ್ಲಿ ಕಳೆ. ತಾತ ಕುರ್ಚಿಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದರು. ಅಜ್ಜಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಚೀಲ ಕೆಳಗಿಟ್ಟವರೇ ಮೊದಲು ಬಳ್ಳಿಗೆ ಒಂದು ಒಳ್ಳೆಯ ಕಟಿಂಗು ಕೊಟ್ಟು, ಕಪಾಟಿನ ಉಂಡೆಗಳನ್ನೆಲ್ಲ ಬಿಚ್ಚಿ ಹೊಸದಾಗಿ ಮಡಚಿ, ಮೊಮ್ಮಗಳಿಗೆ ಬಿಗಿಯಾಗಿ ಜಡೆ ಹಾಕಿದರು.

ಆ ವಾರ ಮುಗಿಯುವ ಮೊದಲೇ ತಾತ ಮತ್ತೆ ಬಾಗಿಲ ಚೌಕಟ್ಟಿಗೆ ಮರಳಿದ್ದರು.

ರಾತ್ರಿಯ ಊಟಕ್ಕೆ ಆಲೂಗಡ್ಡೆ ಪಲ್ಯ ಬಡಿಸುತ್ತಿದ್ದಾಗ ಲಾಯರ್ ಚಮಚದಿಂದ ತಟ್ಟೆಗೆ ತಟ್ಟಿದಳು.

"ಒಂದು ಪ್ರಶ್ನೆ. ಅಜ್ಜಿ ಇಲ್ಲದೇ ಇದ್ದಾಗ ಯಾರಿಗಾದ್ರೂ ತುರಿಸ್ತಾ ಇತ್ತಾ?"

"ನನಗೆ ಬೆನ್ನು ಅಂತ ಒಂದಿದೆ ಅನ್ನೋದೇ ಮರೆತುಹೋಗಿತ್ತು," ಎಂದರು ತಾತ.

"ಅಜ್ಜಿ ವಾಪಸ್ ಬಂದಿದ್ದು ಯಾವಾಗ?"

"ಭಾನುವಾರ," ಎಂದ ಮಗ, ಮೊಣಕೈ ಕೆರೆದುಕೊಳ್ಳುತ್ತಾ.

"ಈಗ ಎಲ್ಲರೂ ಒಂದ್ಸಲ ನಿಮ್ಮ ನಿಮ್ಮ ಕೈ ಎಲ್ಲಿದೆ ನೋಡ್ಕೊಳ್ಳಿ."

ಎಲ್ಲರ ಕೈಯೂ ಕೆರೆತದಲ್ಲಿತ್ತು. ಅಜ್ಜಿ ಪಲ್ಯದ ಸೌಟನ್ನು ಪಾತ್ರೆಗೆ ಬಿಟ್ಟರು.

"ಅಂದ್ರೆ ನಾನೇ ರೋಗ ಅಂತೀಯಾ?"

"ನಾನು ಹಾಗಂದ್ನಾ? ಸಾಕ್ಷಿ ಏನು ಹೇಳುತ್ತೆ ಅಂತ..."

"ನಿನ್ನ ಸಾಕ್ಷಿ ಬಂದು ಈ ಪಾತ್ರೆ ತೊಳೆಯುತ್ತಾ? ತೊಳೀತಿರೋದು ನಾನು."

"ಅತ್ತೆ, ಒಂದು ನಿಮಿಷ ಬ್ರೇಕ್ ಹಾಕಿ," ಎಂದಳು ಸೊಸೆ. "ನಿಮ್ಮನ್ನ ಯಾರೂ ಏನೂ ಅಂತಿಲ್ಲ. ಈ ಮನೇಲಿ ನೀವು ಮಾತ್ರ ಮುಟ್ಟೋದು, ನಾವ್ಯಾರೂ ಮುಟ್ಟದೇ ಇರೋದು ಏನಿದೆ? ಅಷ್ಟೇ ಕೇಳ್ತಿರೋದು."

"ಬೆಟ್ಟದಷ್ಟು ಕೆಲಸ ಇದೆ ಈ ಮನೇಲಿ, ನಾನು ಮಾತ್ರ ಮುಟ್ಟೋದು. ಪೊರಕೆ. ನೆಲ ಒರೆಸೋ ಬಟ್ಟೆ."

"ಬಳ್ಳಿ," ಎಂದಳು ಲಾಯರ್.

ಅಜ್ಜಿಯ ಮುಖ ಕೆಂಪಾಯಿತು.

"ದಿನಾ ಎರಡೂ ಕೈಯಲ್ಲಿ ಅದನ್ನ ಮುಟ್ಟೋಳು ನಾನು. ಅದು ಕೆಟ್ಟದ್ದೇ ಆಗಿದ್ರೆ ಮೊದಲು ಉರೀಬೇಕಾಗಿದ್ದು ನನ್ನ ಕೈ. ಏನಂತೀಯ ಲಾಯರಮ್ಮಾ?"

ಲಾಯರ್ ಬಾಯಿ ತೆರೆದು ಹಾಗೇ ಮುಚ್ಚಿದಳು. ಆ ಮನೆಯ ಚರಿತ್ರೆಯಲ್ಲಿ ಹಾಗೆ ಆದದ್ದು ಅದೇ ಮೊದಲು. ಆದರೆ ಗೆದ್ದ ಖುಷಿ ಅಜ್ಜಿಗೆ ಬರಲಿಲ್ಲ. ಯಾಕೆಂದರೆ ಬೆಳಿಗ್ಗೆ ಬಾಚಣಿಗೆ ಹಿಡಿದು ಕರೆದಾಗ ಅದೇ ಹುಡುಗಿ ತಲೆ ಸರಿಸಿದಳು.

"ಬೇಡ ಅಜ್ಜಿ. ನಾನೇ ಹಾಕ್ಕೋತೀನಿ."

ಟವೆಲಿನ ಬುಟ್ಟಿಯನ್ನು ಸೊಸೆ ಎತ್ತಿಕೊಂಡು ಹೋದಳು. "ಸುಮ್ಮನೆ ಸ್ವಲ್ಪ ದಿನ ಅತ್ತೆ. ನೀವು ರೆಸ್ಟ್ ತಗೊಳ್ಳಿ," ಎಂದಳು, ಮೆತ್ತಗೆ. ಆ ಮೆತ್ತಗಿನ ದನಿಯೇ ಅಜ್ಜಿಗೆ ಸಹಿಸಲಾಗಲಿಲ್ಲ. ಜಗಳವಾಡಿದ್ದರೆ ತಿರುಗಿ ಜಗಳವಾಡಬಹುದಿತ್ತು. ಇಷ್ಟು ವರ್ಷ ಈ ಮನೆಯನ್ನು ತೊಳೆದು, ಬಳಿದು, ಉಣಿಸಿದ ಕೈ ಈಗ ಯಾರಿಗೂ ಬೇಡವಾಯಿತು ಎಂದು ಅವರಿಗೆ ನಿಜಕ್ಕೂ ದುಃಖವಾಯಿತು. ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ತಾತ ಬಂದು ಪಕ್ಕದಲ್ಲಿ ಕೂತರು.

"ನಿಮಗೂ ಹಾಗೇ ಅನಿಸುತ್ತಾ?" ಕೇಳಿದರು ಅಜ್ಜಿ.

"ನನಗೆ ಅನಿಸೋದು ಕಟ್ಟಿಕೊಂಡು ಏನಾಗಬೇಕು? ಪರೀಕ್ಷೆ ಮಾಡಿಬಿಡೋಣ." ತಾತ ಅಂಗಿಯ ತೋಳು ಮಡಚಿ ಎಡಗೈ ಮುಂದೆ ಚಾಚಿದರು. "ಒಂದು ಎಲೆ ಕಿತ್ಕೊಂಡು ಇಲ್ಲಿ ಉಜ್ಜು. ಏನೂ ಆಗಲಿಲ್ಲ ಅಂದ್ರೆ ಆ ಹುಡುಗಿ ನಿನಗೆ ತಪ್ಪಾಯ್ತು ಅನ್ನಬೇಕು, ನಾನೇ ಅನ್ನಿಸ್ತೀನಿ."

"ಏನಾದ್ರೂ ಆದ್ರೆ?"

"ಏನೂ ಆಗಲ್ಲ ಅಂತ ನೀನೇ ಅಂತಿದ್ದೀಯಲ್ಲ."

ಅಜ್ಜಿ ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಎಳೆಯದೊಂದು ಎಲೆ ಕಿತ್ತು, ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಗೆರೆ ಎಳೆದರು, ಮಕ್ಕಳು ಗೋಡೆಗೆ ಸೀಮೆಸುಣ್ಣ ಎಳೆದ ಹಾಗೆ. ತಾತ ಕಚಗುಳಿಯಾಯಿತೆಂದು ನಕ್ಕರು.

ಮುಂದಿನ ದಿನಗಳಲ್ಲಿ ಅಜ್ಜಿ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ರೆಸ್ಟ್ ತಗೊಳ್ಳಿ ಎಂದಿದ್ದರಲ್ಲ, ತೆಗೆದುಕೊಂಡರು. ಕುರ್ಚಿಯಲ್ಲಿ ಕೈ ಕಟ್ಟಿ ಕೂತು ಮನೆ ಹಾಳಾಗುವುದನ್ನು ನೋಡಿದರು. ಮಗ ಬೇಯಲು ಇಟ್ಟ ಮೊಟ್ಟೆ ನೀರು ಬತ್ತಿ ಪಟಪಟ ಸಿಡಿದು ಚಾವಣಿಗೆ ಅಂಟಿಕೊಂಡಿತು. ಲಾಯರ್ ಒಂದು ಕಡೆ ದಪ್ಪ, ಒಂದು ಕಡೆ ಸಣಕಲು ಜಡೆ ಹಾಕಿಕೊಂಡು ಶಾಲೆಗೆ ಹೋದಳು. ಸೊಸೆ ಅನ್ನಕ್ಕೆ ನೀರಿಡಲು ಮರೆತು ಕಲಿಯುವವರಿಗೆ ಫೋನಿನಲ್ಲಿ ರಿವರ್ಸ್ ಹೇಳಿಕೊಡುತ್ತಾ ನಿಂತಳು. ಅಜ್ಜಿಯ ನಾಲಿಗೆ ತುದಿಗೆ ಬಂದ ಮಾತುಗಳಿಗೆ ಲೆಕ್ಕವಿಲ್ಲ. ಒಂದನ್ನೂ ಆಚೆ ಬಿಡಲಿಲ್ಲ.

ತಾತನಿಗೆ ಏನೂ ಆಗಲಿಲ್ಲ. ಕೇಳಿದಾಗೆಲ್ಲ, "ಎಲ್ಲಿ, ಏನೂ ಇಲ್ಲವಲ್ಲ," ಎನ್ನುತ್ತಿದ್ದರು. ಅಜ್ಜಿಗೆ ಒಳಗೊಳಗೇ ಗೆಲುವು. ಆದರೆ ಇಷ್ಟು ಸೆಕೆಯಲ್ಲಿ ಇವರೇಕೆ ತುಂಬು ತೋಳಿನ ಅಂಗಿ ಹಾಕಿಕೊಂಡು ಓಡಾಡುತ್ತಾರೆ ಎಂದು ಮಾತ್ರ ತಿಳಿಯಲಿಲ್ಲ. ಮದುವೆಗೆ ಹೊರಟ ಹಾಗೆ ಮಣಿಕಟ್ಟಿನ ಗುಂಡಿ ಬೇರೆ ಹಾಕಿರುತ್ತಿದ್ದರು.

ಒಂದು ಮಧ್ಯಾಹ್ನ ತಾತ ಸಕ್ಕರೆ ಡಬ್ಬಿಗೆಂದು ಮೇಲಿನ ಗೂಡಿಗೆ ಕೈ ಚಾಚಿದರು. ಗುಂಡಿ ಕಿತ್ತುಕೊಂಡು ತೋಳು ಜಾರಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೇ ಗೆರೆ, ಅಜ್ಜಿ ಎಳೆದಿದ್ದ ಗೆರೆಯೇ, ಈಗ ಕೆಂಪಗೆ ಊದಿ ನೀರುಗುಳ್ಳೆ ಎದ್ದಿತ್ತು.

"ಏನ್ರೀ ಇದು?"

"ಏನಿಲ್ಲ. ಸೊಳ್ಳೆ."

"ಯಾವ ಸೊಳ್ಳೆ ಸ್ಕೇಲು ಇಟ್ಟು ಕಚ್ಚುತ್ತೆ?"

ತಾತ ಸಕ್ಕರೆ ಡಬ್ಬಿಯನ್ನು ಎದೆಗವಚಿಕೊಂಡು ನಿಂತರು, ಕದ್ದು ಸಿಕ್ಕಿಬಿದ್ದವರ ಹಾಗೆ.

"ಯಾಕೆ ಹೇಳಲಿಲ್ಲ ನೀವು?"

"ನೀನು ಗೆಲ್ಲಬೇಕು ಅಂತ ಇತ್ತು," ಎಂದರು.

ಅಜ್ಜಿಗೆ ಬಯ್ಯಬೇಕೆನಿಸಿತು, ಅಳು ಬಂತು, ಎರಡೂ ಒಟ್ಟಿಗೆ ಬಂದು ಯಾವುದೂ ಸರಿಯಾಗಿ ಆಗಲಿಲ್ಲ. ಅವರ ತೋಳನ್ನು ಹಿಡಿದು ನೋಡಬೇಕೆಂದು ಕೈ ಮುಂದೆ ಹೋಯಿತು. ಅರ್ಧದಲ್ಲೇ ತಡೆದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ತನ್ನ ಕೈಗೆ ತಾನೇ ಹೆದರಿದ್ದು ಅಜ್ಜಿಯ ಬದುಕಿನಲ್ಲಿ ಅದೇ ಮೊದಲು.

ಸಂಜೆ ಎಲ್ಲರೂ ಸೇರಿದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಬಳ್ಳಿ ತೆಗೀಬೇಕು."

ಲಾಯರ್ ಏನೋ ಹೇಳಹೊರಟವಳು ಅಮ್ಮ ಕಣ್ಣು ಬಿಟ್ಟದ್ದನ್ನು ನೋಡಿ ಸುಮ್ಮನಾದಳು. ಮಗ ಮಾತ್ರ ಹುರುಪಿನಿಂದ ಎದ್ದ. ಇಷ್ಟು ದಿನದ ಸಿಟ್ಟೆಲ್ಲ ಅವನ ಕೈಗೆ ಬಂದಿತ್ತು. ಮೂಲೆಯಲ್ಲಿದ್ದ ಸೀಮೆಎಣ್ಣೆ ಕ್ಯಾನು ಎತ್ತಿಕೊಂಡ.

"ಈಗಲೇ ಸುಟ್ಟು ಹಾಕ್ತೀನಿ. ಬುಡಕ್ಕೆ ಎಣ್ಣೆ ಹುಯ್ದು ಒಂದು ಕಡ್ಡಿ ಗೀರಿದ್ರೆ ಆಯ್ತು."

"ರೀ, ಇರಿ ಸ್ವಲ್ಪ," ಎಂದು ಸೊಸೆ ಬಳ್ಳಿಯ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿದಳು. ಮಗ ಕಡ್ಡಿಪೆಟ್ಟಿಗೆ ಹುಡುಕುತ್ತಿರುವಾಗಲೇ ಫೋನು ಬಡಿದುಕೊಂಡಿತು. ಮಾತು ಕಡಿಮೆ ಆಡುವ ಡಾಕ್ಟರ್ ಈ ಸಲ ನಿಲ್ಲಿಸಲೇ ಇಲ್ಲ.

"ಅದು ವಿಷದ ಬಳ್ಳಿ, ಅದರ ಎಲೆ ತೊಟ್ಟಲ್ಲೆಲ್ಲ ತುರಿಕೆ ತರೋ ಎಣ್ಣೆ ಇರುತ್ತೆ. ಅದನ್ನ ಯಾರೂ ಸುಡಬೇಡಿ. ಸುಟ್ರೆ ಅದರ ಎಣ್ಣೆ ಹೊಗೆ ಜೊತೆ ಒಳಗೆ ಹೋಗುತ್ತೆ. ಈಗ ಚರ್ಮಕ್ಕೆ ಆಗಿರೋದು ಆಗ ಶ್ವಾಸಕೋಶಕ್ಕೆ ಆಗುತ್ತೆ, ನಿಮ್ಮನೆಗೂ, ಪಕ್ಕದ ಮನೆಗೂ."

ಮಗ ಕ್ಯಾನನ್ನು ಮೆಲ್ಲಗೆ ಮೂಲೆಗಿಟ್ಟ.

"ನಮ್ಮ ಅತ್ತೆಗೆ ಯಾಕೆ ಏನೂ ಆಗಲಿಲ್ಲ ಡಾಕ್ಟ್ರೇ?" ಸೊಸೆ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಕೆಲವರಿಗೆ ಅದು ತಟ್ಟಲ್ಲ. ಆದ್ರೆ ಎಣ್ಣೆ ಅವರ ಕೈಗೂ ಬಟ್ಟೆಗೂ ಅಂಟಿರುತ್ತೆ, ಅಲ್ಲಿಂದ ಬೇರೆಯವರಿಗೆ ತಾಗುತ್ತೆ. ಸೋಪು ಹಾಕಿ ತೊಳೆದ್ರೆ ಹೋಗುತ್ತೆ. ಅವರ ತಪ್ಪೇನಿಲ್ಲ. ಇಷ್ಟು ದಿನ ಏನೂ ಆಗಿಲ್ಲ ಅಂತ ಬರೀ ಕೈಯಲ್ಲಿ ಕೀಳೋಕೆ ಮಾತ್ರ ಹೋಗಬೇಡಿ ಅಂತ ಹೇಳಿ. ಇವತ್ತು ತಟ್ಟದೇ ಇರೋದು ನಾಳೆ ತಟ್ಟಬಹುದು."

ಮಳೆ ಬಂದು ನೆಲ ನೆನೆದ ಮೇಲೆ, ಗಾಳಿಯಿಲ್ಲದ ಒಂದು ರಜೆಯ ಬೆಳಿಗ್ಗೆ ಕೆಲಸ ಶುರುವಾಯಿತು. ಮಣ್ಣು ಒದ್ದೆಯಿದ್ದರೆ ಬೇರು ತುಂಡಾಗದೆ ಬರುತ್ತದೆ, ತುಂಡು ಒಳಗೆ ಉಳಿದರೆ ಮತ್ತೆ ಚಿಗುರುತ್ತದೆ. ತುರಿಕೆಯವರು ದೂರ ಇರಲಿ ಎಂದು ಅಜ್ಜಿಯೇ ಮುಂದೆ ನಿಂತರು. ಮಗನ ಹಳೆಯ ರೇನ್‌ಕೋಟು, ಕಾಲ್ಚೀಲದೊಳಗೆ ತುರುಕಿದ ಪ್ಯಾಂಟು, ಮೊಣಕೈವರೆಗಿನ ರಬ್ಬರ್ ಗ್ಲೌಸು, ಅದರ ಬಾಯಿಗೆ ಸುತ್ತಿದ ಟೇಪು, ತಲೆಗೆ ಸೊಸೆಯ ಹೆಲ್ಮೆಟು. ಕಿಟಕಿಯ ಗಾಜಿನಾಚೆ ನಿಂತ ತಾತ, "ಚಂದ್ರಲೋಕಕ್ಕೆ ಯಾವ ಬಸ್ಸು?" ಎಂದು ಕೂಗಿದರು. ದೂರ ಇರು ಎಂದರೂ ಕೇಳದೆ ಸೊಸೆಯೂ ಅಂಥದ್ದೇ ವೇಷದಲ್ಲಿ ಪಕ್ಕದಲ್ಲಿ ನಿಂತಳು.

ತುಂಡು ತುಂಡಾಗಿ ಕತ್ತರಿಸಿ ದಪ್ಪ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿದರು. ಒಣಗಿದ ಎಲೆಯಲ್ಲೂ ಆ ಎಣ್ಣೆ ಸಾಯುವುದಿಲ್ಲವೆಂದು ಡಾಕ್ಟರ್ ಹೇಳಿದ್ದರಿಂದ ಕೆಳಗೆ ಉದುರಿದ್ದನ್ನೂ ಆರಿಸಿದರು. ಕೊನೆಗೆ ಬುಡ. ಅಜ್ಜಿ ಮಣ್ಣು ಬಿಡಿಸಿ ಬೇರು ಹಿಡಿದು ಜಗ್ಗಿದರು.

"ನಿಧಾನ ಅತ್ತೆ. ಕ್ಲಚ್ ಬಿಟ್ಟ ಹಾಗೆ. ಒಂದೇ ಸಲ ಎಳೆದ್ರೆ ಆಫ್ ಆಗುತ್ತೆ."

"ನಾನೇನು ನಿನ್ನ ಸ್ಟೂಡೆಂಟಾ?"

"ಆಗಿದ್ರೆ ಇಷ್ಟೊತ್ತಿಗೆ ಲೈಸೆನ್ಸ್ ಕೊಡಿಸ್ತಿದ್ದೆ."

ಹೆಲ್ಮೆಟಿನೊಳಗೆ ಅಜ್ಜಿ ನಕ್ಕಿದ್ದು ಯಾರಿಗೂ ಕಾಣಲಿಲ್ಲ. ಬೇರು ಹಾವಿನ ಹಾಗೆ ಉದ್ದಕ್ಕೆ, ಗೋಡೆಯ ಅಡಿಯಿಂದ ಬಟ್ಟೆಯ ಕಂಬದವರೆಗೆ ಬಂತು. ಅದನ್ನು ಚೀಲಕ್ಕಿಳಿಸುವ ಮುಂಚೆ ಅಜ್ಜಿ ಗ್ಲೌಸಿನ ಕೈಯಲ್ಲೇ ಅದರ ಮಣ್ಣು ಮೆಲ್ಲಗೆ ಕೊಡವಿದರು. ವಿಷವೇ ಇರಲಿ, ನೀರೆರೆದು ಬೆಳೆಸಿದ್ದಲ್ಲವೇ. ತಲೆಯೆತ್ತಿದರೆ ಗೋಡೆಯ ಮೇಲೆ ಆ ತುಕ್ಕು ತಗಡು, ಹಳೆಯ ಸಾಲಗಾರನ ಹಾಗೆ ಇಣುಕುತ್ತಿತ್ತು.

ಚೀಲಗಳ ಬಾಯಿ ಬಿಗಿದು, ಕಸದ ಗಾಡಿಯವಳಿಗೆ ಒಳಗೆ ಏನಿದೆ ಎಂದು ಬಿಡಿಸಿ ಹೇಳಿ, ಬಿಚ್ಚುವುದಿಲ್ಲ ಎಂದು ಅವಳ ಬಾಯಲ್ಲೂ ಹೇಳಿಸಿ ಒಪ್ಪಿಸಿದರು. ಬಟ್ಟೆಯ ಹಗ್ಗವೂ ಕ್ಲಿಪ್ಪುಗಳೂ ಜೊತೆಗೇ ಹೋದವು. ಹಾಕಿಕೊಂಡಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆದು, ಮೆಷಿನ್ನನ್ನು ಇನ್ನೊಂದು ಸಲ ಖಾಲಿ ಓಡಿಸಿದರು. ಸಲೂನಿನಲ್ಲಿ ಸ್ಪಿರಿಟ್ಟಿಗೆ ಬರವೇ? ಗ್ಲೌಸು ತೊಟ್ಟು ಮಗ ಕತ್ತರಿ, ಗುದ್ದಲಿ, ಬಾಗಿಲ ಚಿಲಕ, ಹೆಲ್ಮೆಟು ಎಲ್ಲವನ್ನೂ ಒರೆಸಿದ. ಟವೆಲುಗಳೆಲ್ಲ ಹೊಸವು ಬಂದವು. ಅಜ್ಜಿ ತಣ್ಣೀರಿನಲ್ಲಿ ಸೋಪು ಹಚ್ಚಿ ಮಿಂದರು, ಉಗುರಿನ ಸಂದಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರು.

ಆಮೇಲಿನ ವಾರಗಳಲ್ಲಿ ಗೋಡೆಯ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಚಿಗುರು ತಲೆಯೆತ್ತಿತು. ಅಜ್ಜಿ ಗ್ಲೌಸು ತೊಟ್ಟು ಬುಡಸಮೇತ ಕಿತ್ತರು. ಮನೆಯವರ ಚರ್ಮ ವಾಸಿಯಾಯಿತು. ತಾತನ ಗೆರೆ ಮಾಸಿತು. ಅಂಗಡಿಗೆ ಗಿರಾಕಿಗಳು ಮರಳಿದರು. ಕ್ಯಾಷಿಯರ್ ಮಫ್ಲರ್ ಇಲ್ಲದೆ ಬಂದು ಕಟಿಂಗಿಗೆ ಕೂತದ್ದೇ ಕೂತದ್ದು, ಬಳ್ಳಿಯ ಕಥೆಯನ್ನು ತಾತನ ಬಾಯಿಂದ ಮೂರು ಸಲ ಹೇಳಿಸಿ ನಕ್ಕು ಹೋದರು. ಬೀದಿಗೆಲ್ಲ ಕಥೆ ಗೊತ್ತಾಯಿತು.

ಅಜ್ಜಿಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಲಾಯರ್ ತಾನಾಗಿ ಬಂದು ತಪ್ಪಾಯ್ತು ಎಂದಳು, ಆಮೇಲೆ ತನ್ನ ವಾದ ಹೇಗೆ ಸರಿಯಿತ್ತು ಎಂದು ವಿವರಿಸಿದಳು. ಆದರೆ ಟವೆಲಿನ ಬುಟ್ಟಿ ಸೊಸೆಯ ಹತ್ತಿರವೇ ಉಳಿಯಿತು. ಹುಡುಗಿ ಕೂದಲು ಕತ್ತರಿಸಿಕೊಂಡು ಜಡೆಯ ಗೊಡವೆಯನ್ನೇ ಕಳೆದುಕೊಂಡಿದ್ದಳು. ಯಾರೂ ಬೇಡ ಎನ್ನುತ್ತಿರಲಿಲ್ಲ, ಬಾ ಎಂದೂ ಕರೆಯುತ್ತಿರಲಿಲ್ಲ. ಅಜ್ಜಿಯೂ ಕೇಳಲಿಲ್ಲ. ಅಡುಗೆಗೆ ಮುಂಚೆ ಕೈ ತೊಳೆದರು, ಅಡುಗೆಯಾದ ಮೇಲೆ ತೊಳೆದರು, ತಾತನಿಗೆ ಲೋಟ ಕೊಡುವ ಮುಂಚೆ ತೊಳೆದರು. ತೊಳೆದು ತೊಳೆದು ಬೆರಳುಗಳು ಒಣಗಿ ಬಿಳಿಚಿಕೊಂಡವು. ಆ ಕೈಯನ್ನು ಯಾರ ಮೇಲೂ ಇಡುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ಶನಿವಾರ ಅಂಗಡಿ ತುಂಬಿತ್ತು. ಒಬ್ಬ ತಾಯಿ ತನ್ನ ಪುಟ್ಟ ಮಗುವನ್ನು ಮೊದಲ ಸಲ ಕಟಿಂಗಿಗೆ ತಂದಿದ್ದಳು. ಮಗುವಿಗೆ ಕತ್ತರಿಯ ಸದ್ದೇ ಆಗದು. ತಾಯಿಯ ತೊಡೆಯ ಮೇಲೆ ಕೂತು ತಲೆಯನ್ನು ಅತ್ತ ಇತ್ತ ಒದರುತ್ತಾ ಬೀದಿಗೆ ಕೇಳುವಂತೆ ಅರಚುತ್ತಿತ್ತು. ತಾಯಿ ಎರಡು ಕೈಯಲ್ಲಿ ಮೈ ಹಿಡಿದರೆ ತಲೆ ತಪ್ಪಿಸಿಕೊಳ್ಳುತ್ತಿತ್ತು, ತಲೆ ಹಿಡಿದರೆ ಕಾಲು ಒದೆಯುತ್ತಿತ್ತು. ಮಗ ಕತ್ತರಿ ಮೇಲೆತ್ತಿ ಹಿಂದಿನ ಬಾಗಿಲ ಕಡೆ ಕೂಗಿದ.

"ಅಮ್ಮಾ, ಬಾ ಇಲ್ಲಿ. ಮಗು ತಲೆ ಹಿಡ್ಕೋ."

ಬಾಗಿಲಿಗೆ ಬಂದ ಅಜ್ಜಿ ಅಲ್ಲೇ ನಿಂತರು. ಬೆಂಚಿನ ಮೇಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಕಥೆ ಎಲ್ಲರಿಗೂ ಗೊತ್ತಿತ್ತು, ಆ ತಾಯಿಗೂ.

"ಸೊಸೇನ ಕರೀತೀನಿ," ಎಂದರು ಅಜ್ಜಿ.

"ನಿನ್ನನ್ನ ಕರೆದಿದ್ದು ನಾನು."

ಅಜ್ಜಿ ಗಡಿಬಿಡಿಯಿಂದ ನಲ್ಲಿಯ ಕಡೆ ತಿರುಗಿ ಸೋಪು ಕೈಗೆತ್ತಿಕೊಂಡರು.

"ಎಷ್ಟು ಸಲ ತೊಳೀತೀಯಮ್ಮ? ಸಾಕು, ಬಾ. ಮಗು ಅಳ್ತಾ ಇದೆ."

"ಬನ್ನಿ ಅಜ್ಜಿ," ಎಂದಳು ತಾಯಿಯೂ, ತನ್ನ ಕೈ ತೆಗೆದು ಜಾಗ ಬಿಡುತ್ತಾ. "ನನ್ನ ಕೈಲಿ ಆಗ್ತಿಲ್ಲ."

ಅಜ್ಜಿ ಬಂದು ಮಗುವಿನ ಮುಂದೆ ಬಗ್ಗಿದರು. ಎರಡು ಕೆನ್ನೆಗೂ ಎರಡು ಕೈ ಕೊಟ್ಟು ಹಿಡಿದರು. ಅತ್ತು ಬಿಸಿಯಾದ, ಒದ್ದೆಯಾದ, ಬೆಣ್ಣೆಯಂಥ ಕೆನ್ನೆ. ಮಗು ಅಳು ನಿಲ್ಲಿಸಿ ಇದು ಯಾರೆಂದು ಕಣ್ಣರಳಿಸಿ ನೋಡಿತು. ಅಜ್ಜಿ ಅದಕ್ಕೆ ಮೂಗು ಸೊಟ್ಟ ಮಾಡಿ ತೋರಿಸಿದರು, ಹುಬ್ಬು ಕುಣಿಸಿದರು, ಕಣ್ಣಲ್ಲಿ ನೀರು ತುಂಬಿದ್ದನ್ನು ಒರೆಸಲು ಕೈ ಬಿಡುವಂತಿರಲಿಲ್ಲವಾದ್ದರಿಂದ ಹಾಗೇ ಬಿಟ್ಟರು. ಮಗನ ಕತ್ತರಿ ಕಿವಿಯ ಸುತ್ತ ಚಕಚಕ ಓಡಿತು.

"ಮುಗೀತಮ್ಮ. ಇನ್ನು ಬಿಡು."

"ಇರೋ. ಈ ಕಿವಿ ಹತ್ರ ಇನ್ನೊಂದು ಕೂದಲು ಉಳಿದಿದೆ ನೋಡು," ಎಂದರು ಅಜ್ಜಿ.

ಉಳಿದಿರಲಿಲ್ಲ. ಮಗ ಬಗ್ಗಿ ನೋಡಿ, ಅಮ್ಮನ ಮುಖ ನೋಡಿ, ಗಾಳಿಯಲ್ಲೇ ಇನ್ನೊಂದಷ್ಟು ಹೊತ್ತು ಕತ್ತರಿ ಆಡಿಸಿದ.